ವಿಭೂತಿ ಬಿಟ್ಟು ಮುಖ ಒರೆಸುತ್ತಿದ್ದವರು

ಅಳುವ ಮಕ್ಕಳ ಮೇಲೆ ಅವರು ಸಿಟ್ಟಾದದ್ದನ್ನು ಯಾರೂ ನೋಡಿಲ್ಲ. ಅವರ ಸಿಟ್ಟೆಲ್ಲ ಮಕ್ಕಳನ್ನು ಬಿಟ್ಟು ಹೋಗಲಾರದೆ ಕಿಟಕಿಗೆ ಮುಖ ಒತ್ತಿ ನಿಲ್ಲುತ್ತಿದ್ದ ತಾಯಂದಿರ ಮೇಲೆ. ಜೂನ್ ತಿಂಗಳು ಬಂತೆಂದರೆ ಲಿಂಗಸುಗೂರಿನ ಆ ಕಾನ್ವೆಂಟಿನ ಬೇಬಿ ಕ್ಲಾಸಿನ ಕಿಟಕಿಗಳ ತುಂಬ ಸೆರಗು, ಬಳೆ, ಒದ್ದೆ ಕಣ್ಣು. ಸಿಸ್ಟರ್ ಹೊರಗೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಿದ್ದರು. "ನೀವೇ ಇಲ್ಲಿ ನಿಂತು ಅತ್ತರೆ, ಒಳಗೆ ಎಂತದೋ ಭಯಂಕರ ಇದೆ ಅಂತ ಮಕ್ಕಳಿಗೆ ಅನಿಸುವುದಿಲ್ಲವಾ? ಹೋಗಿ, ಮನೆಗೆ ಹೋಗಿ ರೊಟ್ಟಿ ಮಾಡಿ." ಅವರದು ಕರಾವಳಿಯ ಕನ್ನಡ. ಆ 'ಎಂತದೋ' ಕೇಳಿ ನಮ್ಮ ಊರಿನ ಹೆಂಗಸರು ಅಳುವಿನ ನಡುವೆಯೇ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ನಗು ಬಂದ ಮೇಲೆ ಅಲ್ಲಿ ನಿಂತು ಅಳುವುದು ಹೇಗೆ? ಹೋಗಿಬಿಡುತ್ತಿದ್ದರು.

ಈ ಸಲ ಶಾಲೆ ತೆರೆಯುವ ವಾರದಲ್ಲೇ ಸಿಂಧನೂರಿನಿಂದ ನನ್ನ ಅಕ್ಕ ಫೋನ್ ಮಾಡಿದಳು. "ನಿಮ್ಮ ಸಿಸ್ಟರಮ್ಮ ತೀರಿಕೊಂಡ್ರಂತೋ" ಅಂದಳು. 'ನಿಮ್ಮ' ಅನ್ನುವ ಮಾತು ಕೇಳಿದಾಗ ನಾನು ಅಂಗಡಿಯ ಗಲ್ಲೆಯ ಮುಂದೆ ಕೂತಿದ್ದೆ. ಎದುರಿಗೆ ಗಿರಾಕಿ ಸಕ್ಕರೆ ಕೇಳುತ್ತಿದ್ದ, ನಾನು ಉಪ್ಪು ತೂಗಿ ಕೊಟ್ಟೆ. ಅವರನ್ನು ನಮ್ಮವರು ಅಂದುಕೊಳ್ಳುವ ಯೋಗ್ಯತೆ ನಮ್ಮ ಮನೆಗೆ ಎಂದೋ ಹೋಗಿದೆ. ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ನಮ್ಮ ಮನೆಯಿಂದ ಆ ಹೆಸರಿಗೆ ಆಗಿದ್ದೇ ಸಾಕು. ಅವರ ಮೇಲೆ ಊರಲ್ಲಿ ಒಂದು ಮಾತು ಬಂತು. ಅದು ಸುಳ್ಳೆಂದು ಗೊತ್ತಿದ್ದವರು ನಾವು, ಗೊತ್ತಿದ್ದೂ ಅದನ್ನು ಅಳಿಸದೆ ಬಿಟ್ಟವರೂ ನಾವು.

ಎಂಬತ್ತರ ದಶಕದ ಆರಂಭದ ಮಾತು. ಕಾನ್ವೆಂಟ್ ಶುರುವಾಗಿ ಎರಡು ಮೂರು ವರ್ಷವಾಗಿತ್ತು ಅಷ್ಟೆ. ಬಸ್‌ಸ್ಟ್ಯಾಂಡ್ ದಾಟಿದ ಮೇಲೆ ಜೋಳದ ಹೊಲಗಳ ಅಂಚಿನಲ್ಲಿ ಒಂದು ಸಾಲು ಕೋಣೆ, ಒಂದು ನಲ್ಲಿ, ಒಂದು ಬೇವಿನ ಗಿಡ. ಇಂಗ್ಲಿಷ್ ಕಲಿಸುತ್ತಾರೆ ಎಂಬ ಆಸೆಗೆ ಬಜಾರದ ಅಂಗಡಿಯವರು, ಕಚೇರಿಯ ಸಾಹೇಬರು, ಸುತ್ತಲ ಹಳ್ಳಿಯ ಗೌಡರು ಮಕ್ಕಳನ್ನು ತಂದು ಸೇರಿಸಿದ್ದರು. ಸೇರಿಸಿದ ಮೇಲೆ ಒಳಗೊಳಗೇ ಹೆದರಿಕೆ. ಶಿಲುಬೆ ಹಾಕುತ್ತಾರಂತೆ, ಹಣೆ ಒರೆಸುತ್ತಾರಂತೆ ಎಂದು ಕಟ್ಟೆಗಳ ಮೇಲೆ ಮಾತು ಓಡಾಡುತ್ತಿತ್ತು. ಅಪ್ಪನದು ಕಿರಾಣಿ ಅಂಗಡಿ. ಆಸೆ ಅಪ್ಪನದು, ಹೆದರಿಕೆ ಅಜ್ಜಿಯದು.

ಶುರುವಿನ ವಾರಗಳಲ್ಲಿ ಸಿಸ್ಟರ್ ಎ ಬಿ ಸಿ ತೆಗೆಯುತ್ತಲೇ ಇರಲಿಲ್ಲ. ತೊಗರಿ, ಹೆಸರು, ಕಡಲೆ, ಮಡಕಿ ಎಲ್ಲ ಕಲಸಿದ ಒಂದು ಮೊರದ ಕಾಳು ತಂದು ನೆಲದ ಮೇಲೆ ಸುರಿದು, ತಾವೂ ಕಾಲು ಚಾಚಿ ಕೂತುಬಿಡುತ್ತಿದ್ದರು. ಕಾಳು ಬೇರೆ ಬೇರೆ ಮಾಡುವುದು ನಮ್ಮ ಕೆಲಸ. ಹೆಚ್ಚು ಅಳುವವರಿಗೆ ದೊಡ್ಡ ಗುಡ್ಡೆ. ಮಡಕಿ ಕಾಳನ್ನು ಅವರು ತಮ್ಮ ಊರಲ್ಲಿ ಕಂಡೇ ಇರಲಿಲ್ಲವಂತೆ. ಬೆರಳ ನಡುವೆ ಹಿಡಿದು, "ಇದು ಎಂತದು, ಕೆಟ್ಟುಹೋದ ಹೆಸರಾ?" ಎಂದರು. ಅದುವರೆಗೆ ಮೂಲೆಯಲ್ಲಿ ಬಿಕ್ಕುತ್ತಿದ್ದ ಸಂತೆಕಲ್ಲೂರಿನ ಹುಡುಗಿಯೊಬ್ಬಳು ತಲೆ ಎತ್ತಿ, "ಮಡಕಿ ರೀ ಅವು. ನಿಮಗ ಅಷ್ಟೂ ಗೊತ್ತಿಲ್ಲೇನ್ರಿ?" ಅಂದಳು. ಅಲ್ಲಿಗೆ ಇಡೀ ಕ್ಲಾಸು ಅಳು ಬಿಟ್ಟು ಸಿಸ್ಟರಿಗೆ ಪಾಠ ಹೇಳತೊಡಗಿತು. ಆಮೇಲೆ ಕೇಳಿದರೆ, ನಮ್ಮ ಹಿಂದಿನ ವರ್ಷದವರೂ ಅವರಿಗೆ ಮಡಕಿ ತೋರಿಸಿಕೊಟ್ಟಿದ್ದರಂತೆ. ಅವರು ಮರೆಯುತ್ತಿದ್ದರೋ, ಮರೆತಂತೆ ಮಾಡುತ್ತಿದ್ದರೋ ತಿಳಿಯದು.

ಒಬ್ಬ ಹುಡುಗ ಮೂಗಿನೊಳಗೆ ಕಡಲೆ ತುರುಕಿಕೊಂಡ. ಉಳಿದ ಟೀಚರುಗಳು ಗಾಬರಿಯಾಗಿ ದವಾಖಾನೆ ಅಂತ ಕೂಗಾಡುವಾಗ ಇವರು ಗೇಟಿನ ಮುದುಕನ ಬಳಿ ಹೋಗಿ ಒಂದು ಚಿಟಿಕೆ ನಶ್ಯ ಇಸಿದುಕೊಂಡು ಬಂದರು. ಹುಡುಗ ಸೀನಿದ ರಭಸಕ್ಕೆ ಕಡಲೆ ಹಾರಿ ಇವರ ಬಿಳಿ ಬಟ್ಟೆಗೆ ಬಡಿದು ಬಿತ್ತು. ಇವರು ಅದನ್ನು ಎತ್ತಿ, ಒರೆಸಿ, ಕಡಲೆಯ ಗುಡ್ಡೆಗೇ ಹಾಕಿದರು. ಯಾವ ಕಾಳು ಎಲ್ಲಿಗೆ ಸೇರಬೇಕೋ ಅಲ್ಲಿಗೆ ಸೇರಬೇಕು ಅನ್ನುವುದರಲ್ಲಿ ಅವರು ಬಹಳ ಕಟ್ಟುನಿಟ್ಟು.

ಖಾರದ ಹುಚ್ಚೂ ಇತ್ತು. ಕರಾವಳಿಯವರಿಗೆ ನಮ್ಮ ಕೆಂಪು ಮೆಣಸಿನಕಾಯಿಯ ಹಿಂಡಿ ಬೆಂಕಿಯೇ ಸರಿ. ಆದರೂ ಯಾರಾದರೂ ತಾಯಿ ರೊಟ್ಟಿಯ ಜೊತೆ ತಂದುಕೊಟ್ಟರೆ ಬಿಡುತ್ತಿರಲಿಲ್ಲ. ಕಣ್ಣು ಮೂಗು ಸುರಿಸುತ್ತ, "ನಿಮ್ಮ ಊರಿನವರ ಹೊಟ್ಟೆಯನ್ನು ದೇವರು ಎಂತದರಿಂದ ಮಾಡಿದ್ದಾನೆ ಮಾರಾಯ್ತಿ" ಎಂದು ಕೇಳಿ, ಇನ್ನೊಂದು ತುತ್ತಿಗೆ ಕೈ ಚಾಚುತ್ತಿದ್ದರು.

ನನ್ನನ್ನು ಸೇರಿಸಿದ ದಿನ ಬಂದವಳು ಅಜ್ಜಿ. ಅವ್ವನನ್ನು ಕಳಿಸಿದರೆ ಅತ್ತು ವಾಪಸು ಕರೆತರುತ್ತಾಳೆಂದು ಅವಳೇ ಬಂದಿದ್ದಳು. ಬಾಗಿಲಲ್ಲಿ ನಿಂತು ಹೇಳಿದಳು: "ಸಿಸ್ಟರಮ್ಮ, ಇವನ ಹಣಿ ಮ್ಯಾಗಿನ ಈಬತ್ತಿ ಅಳಿಸಬ್ಯಾಡ್ರಿ."

"ಅಳಿಸುವುದಿಲ್ಲ ಅಮ್ಮ. ಅದು ಅವನ ದೇವರದ್ದಲ್ಲವಾ."

ಮಧ್ಯಾಹ್ನ ಮನೆಗೆ ಕಳಿಸುವ ಮುನ್ನ ಎಲ್ಲ ಮಕ್ಕಳ ಮುಖವನ್ನೂ ಒದ್ದೆ ಬಟ್ಟೆಯಿಂದ ಒರೆಸುವುದು ಅವರ ಪದ್ಧತಿ. ನನ್ನ ಸರದಿ ಬಂದಾಗ ಗಲ್ಲ, ಮೂಗು, ಕಿವಿಯ ಹಿಂದೆ ಎಲ್ಲ ಒರೆಸಿ, ಹಣೆಯ ಹತ್ತಿರ ಬಂದಾಗ ಬಟ್ಟೆಯನ್ನು ಬೆರಳಿಗೆ ಸುತ್ತಿ ವಿಭೂತಿಯ ಅಂಚಿಗೆ ತಾಗದಂತೆ ಸುತ್ತಲೂ ಒರೆಸುತ್ತಿದ್ದರು. ನಾನು ಮನೆಗೆ ಹೋದಾಗ ಅಜ್ಜಿ ಗದ್ದ ಹಿಡಿದು ಮುಖ ಎತ್ತಿ ನೋಡುತ್ತಿದ್ದಳು. ವಿಭೂತಿ ಇದ್ದಲ್ಲೇ ಇರುತ್ತಿತ್ತು. ಅಜ್ಜಿಗೆ ನಿಧಾನಕ್ಕೆ ಅವರ ಮೇಲೆ ನಂಬಿಕೆ ಬಂತು. ಓಣಿಯ ಹೆಂಗಸರಿಗೆ, "ನಮ್ಮ ಸೊಸಿಗೂ ಹಂಗ ಮುಖ ತೊಳಿಯಾಕ ಬರೂದಿಲ್ಲ ಬಿಡ್ರಿ" ಎಂದು ಹೇಳಿಕೊಂಡಳು.

ನನ್ನ ಕೊರಳಲ್ಲಿ ಲಿಂಗವೂ ಇತ್ತು. ನಮ್ಮಲ್ಲಿ ಹುಟ್ಟಿದ ಕೂಸಿಗೇ ಲಿಂಗ ಕಟ್ಟುತ್ತಾರೆ; ಆಮೇಲೆ ಬಹಳ ಮನೆಗಳಲ್ಲಿ ಮಗು ದೊಡ್ಡದಾಗುವವರೆಗೆ ಅದನ್ನು ಜಗಲಿಯ ಮೇಲೆ ದೇವರ ಜೊತೆ ಇಟ್ಟುಬಿಡುತ್ತಾರೆ. ನನ್ನದನ್ನು ಅಜ್ಜಿ ಇಡಗೊಡಲಿಲ್ಲ. ಕೂಸಿದ್ದಾಗ ನಾನು ಉಳಿಯುವುದೇ ಕಷ್ಟವಿತ್ತಂತೆ, ಉಳಿದರೆ ಲಿಂಗ ಮೈಬಿಟ್ಟು ಇಳಿಸುವುದಿಲ್ಲ ಎಂದು ಬೇಡಿಕೊಂಡಿದ್ದಳಂತೆ. ಬೆಳೆಯುವ ಹುಡುಗನೆಂದು ಶಿವದಾರವನ್ನು ಉದ್ದಕ್ಕೆ ಬಿಟ್ಟಿದ್ದರು. ಲಿಂಗವಿದ್ದ ಬೆಳ್ಳಿಯ ಕರಡಿಗೆ ಹೊಕ್ಕಳಿನವರೆಗೆ ಜೋತಾಡುತ್ತಿತ್ತು. ಊಟಕ್ಕೆ ಕೂರುವ ಮೊದಲು ಅದನ್ನು ಕಣ್ಣಿಗೊತ್ತಿಕೊಳ್ಳಬೇಕು. ಒತ್ತಿಕೊಳ್ಳದೆ ಅಜ್ಜಿ ತಾನೂ ಉಣ್ಣುತ್ತಿರಲಿಲ್ಲ, ನನಗೂ ಬಡಿಸುತ್ತಿರಲಿಲ್ಲ.

ಆ ಮಾತು ಹುಟ್ಟಿದ ದಿನ ಮುಂಜಾನೆ ನನ್ನ ಹೊಟ್ಟೆ ಕೆಟ್ಟಿತ್ತು. ಹೋಗಬೇಕು ಎಂದು ಕೇಳಲು ಇಂಗ್ಲಿಷ್ ಮಾತು ಕಲಿಸಿದ್ದರು, ಅದು ನನಗೆ ನೆನಪಾಗಲಿಲ್ಲ. ಕನ್ನಡದಲ್ಲಿ ಕೇಳಿದ್ದರೆ ಸಿಸ್ಟರ್ ಬೇಡ ಅನ್ನುತ್ತಿರಲಿಲ್ಲ. ಆದರೆ ನಾನು ಬಿಗಿಹಿಡಿದು ಕೂತೆ, ಚಡ್ಡಿಯಲ್ಲೇ ಆಗಿಹೋಯಿತು. ಆದ ಮೇಲೂ ಅಲುಗದೆ ಕೂತೆ. ವಾಸನೆ ಬಂತು, ಮಕ್ಕಳು ಮೂಗು ಮುಚ್ಚಿಕೊಂಡರು. ಸಿಸ್ಟರ್ ನನ್ನ ಮುಖ ನೋಡಿದರು. ನೋಡಿದ್ದೇ, "ಅಯ್ಯೋ, ಹಿಂದಿನ ಗಟಾರ ಮತ್ತೆ ಕಟ್ಟಿಕೊಂಡಿದೆ, ಎಲ್ಲ ಹೊರಗೆ ಬೇವಿನ ಗಿಡದ ಹತ್ತಿರ ಹೋಗಿ" ಎಂದು ಎಲ್ಲರನ್ನೂ ಅಟ್ಟಿದರು. ನನ್ನನ್ನು ಮಾತ್ರ ಹಿಂಬಾಗಿಲಿನಿಂದ ನಲ್ಲಿಯ ಹತ್ತಿರ ಕರೆದೊಯ್ದರು.

ತೊಳೆಯುವಾಗ ಕರಡಿಗೆ ಅಡ್ಡ ಬರುತ್ತಿತ್ತು. ಕೊಳೆ ನೀರು ಅದಕ್ಕೆ ಸಿಡಿಯುತ್ತಿತ್ತು. ಅವರು ತೊಳೆಯುವುದನ್ನು ನಿಲ್ಲಿಸಿ, ತಮ್ಮ ಕೈಗೆ ಸೋಪು ಹಚ್ಚಿ ಚೆನ್ನಾಗಿ ತೊಳೆದುಕೊಂಡು, ಶಿವದಾರವನ್ನು ತಲೆಯ ಮೇಲಿಂದ ಮೆಲ್ಲಗೆ ತೆಗೆದರು. ಒಳಗೆ ಓಡಿಹೋಗಿ ಇಟ್ಟು ಬಂದರು. ಎಲ್ಲಿಟ್ಟರು ಎಂದು ಆಮೇಲೆ ಕಂಡೆ: ಕ್ಲಾಸಿನ ಗೋಡೆಯ ಗೂಡಿನಲ್ಲಿ ಮೇರಿಯಮ್ಮನ ಮೂರ್ತಿಯ ಮುಂದೆ, ಒಗೆದ ಕರವಸ್ತ್ರದ ಮೇಲೆ. ಒಬ್ಬರ ದೇವರನ್ನು ಇಡಲು ಆ ಶಾಲೆಯಲ್ಲಿ ಅವರಿಗೆ ಗೊತ್ತಿದ್ದ ಎಲ್ಲಕ್ಕಿಂತ ಶುದ್ಧವಾದ ಜಾಗ ಅದೇ.

ಅವರು ಕುಕ್ಕರಗಾಲಲ್ಲಿ ಕೂತು ನನ್ನ ಸಮಕ್ಕೆ ಬಂದು ಹೇಳಿದರು. "ಇದು ನನಗೂ ನಿನಗೂ ಮಾತ್ರ. ನಾನು ಯಾರಿಗೂ ಹೇಳುವುದಿಲ್ಲ. ಪ್ರಾಮಿಸ್." ಪ್ರಾಮಿಸ್ ಅಂದರೆ ಏನೆಂದು ನನಗೆ ತಿಳಿಯಲಿಲ್ಲ. ತಗಡಿನ ಪೆಟ್ಟಿಗೆಯಿಂದ ಬೇರೆ ಚಡ್ಡಿ ತೆಗೆದು ಹಾಕಿ, ನನ್ನದನ್ನು ಒಗೆದು ಬಿಸಿಲಿಗೆ ಹಾಕಿದರು. ಮನೆಗೆ ಹೋಗುವ ಹೊತ್ತಿಗೆ ಅದು ಒಣಗಿತ್ತು, ಅದನ್ನೇ ಹಾಕಿ ಕಳಿಸಿದರು. ಮಕ್ಕಳನ್ನು ಅವರವರ ಮನೆಯವರಿಗೆ ಒಪ್ಪಿಸುವ ಗದ್ದಲದಲ್ಲಿ ಲಿಂಗ ಮರೆತುಹೋಯಿತು.

ಮನೆಯಲ್ಲಿ ತಾಟು ಹಾಕಿ ಅಜ್ಜಿ, "ಲಿಂಗ ಕಣ್ಣಿಗೊತ್ಕೋ" ಅಂದಳು. ನಾನು ಎದೆ ಮುಟ್ಟಿಕೊಂಡೆ. ಇರಲಿಲ್ಲ.

"ಎಲ್ಲೈತೋ?"

"ಸಿಸ್ಟರ್ ತಗದ್ರು."

"ಎಲ್ಲಿಟ್ರು?"

"ಅವರ ದೇವರ ಮುಂದ."

"ಯಾಕ?"

ನಾನು ಬಾಯಿ ಬಿಡಲಿಲ್ಲ. ನಾಚಿಕೆ ಎಂಬುದು ನಾಲ್ಕು ವರ್ಷದ ಹುಡುಗನ ಬಾಯಿಯನ್ನು ಎಷ್ಟು ಬಲವಾಗಿ ಮುಚ್ಚುತ್ತದೆ ಎಂದು ದೊಡ್ಡವರಿಗೆ ಮರೆತಿರುತ್ತದೆ. ಅಜ್ಜಿ ತಾಟು ಪಕ್ಕಕ್ಕೆ ಸರಿಸಿದಳು. ಅವಳೂ ಉಣ್ಣಲಿಲ್ಲ, ನನಗೂ ಬಡಿಸಲಿಲ್ಲ. ಅಪ್ಪನಿಗೆ ಅಂಗಡಿಗೆ ಸುದ್ದಿ ಹೋಯಿತು. ಅಪ್ಪ ಅಂಗಡಿಯಿಂದ ಹೊರಟಾಗ ಒಬ್ಬನೇ ಇದ್ದ, ಕಾನ್ವೆಂಟ್ ಮುಟ್ಟುವಷ್ಟರಲ್ಲಿ ಅರ್ಧ ಬಜಾರವೇ ಹಿಂದಿತ್ತು. ನಾನು ಅಪ್ಪನ ಕಂಕುಳಲ್ಲಿದ್ದೆ.

ಅಂಗಳಕ್ಕೆ ಬಂದ ಸಿಸ್ಟರಿಗೆ ನನ್ನನ್ನು ನೋಡಿದ ಕೂಡಲೇ ನೆನಪಾಯಿತು. ಕೈ ಬಾಯಿಗೆ ಹೋಯಿತು. ಒಳಗೆ ಹೋಗಿ ಕರವಸ್ತ್ರದ ಸಮೇತ ಎರಡೂ ಕೈಯಲ್ಲಿ ಹಿಡಿದು ತಂದು ಅಪ್ಪನ ಮುಂದೆ ಚಾಚಿದರು. ಅಪ್ಪ ತಗೊಂಡ.

"ಯಾಕ ತಗದ್ರಿ?"

ಸಿಸ್ಟರ್ ನನ್ನನ್ನು ನೋಡಿದರು. ಗುಂಪಿನಲ್ಲಿ ನನ್ನ ಕ್ಲಾಸಿನ ಹುಡುಗರೂ ಇದ್ದರು, ಅಪ್ಪಂದಿರ ಹೆಗಲ ಮೇಲೆ, ಕಾಲ ಸಂದಿಯಲ್ಲಿ.

"ತಪ್ಪಾಯಿತು. ತೆಗೆಯಬಾರದಿತ್ತು" ಎಂದರು.

"ತಪ್ಪು ಹೌದೋ ಅಲ್ಲೋ ಅಂತ ನಾ ಕೇಳವಲ್ಲೆ. ಯಾಕ ತಗದ್ರಿ ಅಂತ ಕೇಳಾಕತ್ತೀನಿ."

"ನನ್ನದೇ ತಪ್ಪು. ಕ್ಷಮಿಸಿ."

ಅಷ್ಟರಲ್ಲಿ ದೊಡ್ಡ ಸಿಸ್ಟರ್ ಬಂದು ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ಇವರು ತಲೆ ಅಲ್ಲಾಡಿಸಿದರು, ಅವರಿಗೂ ಹೇಳಲಿಲ್ಲ. ಒಂದು ಮಾತು ಹೇಳಿದ್ದರೆ ಸಾಕಿತ್ತು. 'ನಿಮ್ಮ ಹುಡುಗ ಹೀಗೆ ಮಾಡಿಕೊಂಡಿದ್ದ, ತೊಳೆದೆ' ಅಂದಿದ್ದರೆ ಅಪ್ಪನೇ ತಲೆ ತಗ್ಗಿಸಿ ಬರುತ್ತಿದ್ದ. ಅವರು ಹೇಳಲಿಲ್ಲ. ಕಾರಣ ಅವರು ಕೊಡದಿದ್ದ ಮೇಲೆ ಗುಂಪಿನವರೇ ಒಂದು ಕಾರಣ ಕಟ್ಟಿದರು. ಕಟ್ಟೆಯ ಮೇಲೆ ಮೊದಲಿನಿಂದ ಓಡಾಡುತ್ತಿದ್ದ ಮಾತಿಗೆ ಈಗ ಸಾಕ್ಷಿ ಸಿಕ್ಕಂತಾಯಿತು: ಮಕ್ಕಳ ಲಿಂಗ ಬಿಚ್ಚಿ ತಮ್ಮ ದೇವರಿಗೆ ಒಪ್ಪಿಸುತ್ತಾರೆ.

ಸಂಜೆ ಮಠದ ಅಯ್ಯನವರು ಬಂದು ಲಿಂಗಕ್ಕೆ ಪೂಜೆ ಮಾಡಿ ಮತ್ತೆ ಕಟ್ಟಿದರು. ನಾನೂ ಅಜ್ಜಿಯೂ ಆಮೇಲೆ ಉಂಡೆವು.

ಮರುದಿನ ಬೆಳಿಗ್ಗೆ ನನಗೆ ಮತ್ತೆ ಹೊಟ್ಟೆ ಕೆಟ್ಟಿತು. ಅಜ್ಜಿ ತೊಳೆಯುತ್ತ, "ನಿನ್ನೆ ಸಾಲ್ಯಾಗೂ ಹಿಂಗ ಆಗಿತ್ತೇನೋ ನನ ಬಂಗಾರ?" ಎಂದು ಕೇಳಿದಳು. ಅವಳ ದನಿ ಮೆತ್ತಗಿತ್ತು. ನಾನು ಎಲ್ಲ ಹೇಳಿದೆ, ಗಟಾರದ ಸುಳ್ಳನ್ನೂ, ನಲ್ಲಿಯನ್ನೂ, ಸೋಪಿನಿಂದ ಕೈ ತೊಳೆದುಕೊಂಡದ್ದನ್ನೂ. ಅಜ್ಜಿಯ ಕೈ ನಿಂತಿತು. ಆಮೇಲೆ ಅಪ್ಪನನ್ನು ಹಿತ್ತಲಿಗೆ ಕರೆದಳು.

ಅಪ್ಪ ಕೇಳಿ ಗೋಡೆಗೆ ಒರಗಿದ. "ಈಗೇನು ಮಾಡೂದಬೇ? ಊರ ಮಂದಿ ಮುಂದ ಅಷ್ಟು ಮಾತಾಡಿ ಬಂದೀವಿ."

"ಹೋಗಿ ಹೇಳೂಣು ಅಂದ್ರ, ಆ ಹೊಲಸಿನಾಗ ಲಿಂಗ ಇತ್ತು ಅಂತ ಹೇಳಬೇಕಾಗ್ತದ. ಮಂದಿ ನಗೂದಿಲ್ಲೇನು" ಅಂದಳು ಅಜ್ಜಿ.

"ಹಂಗಾದ್ರ?"

"ಸುಮ್ನಿರು."

ಲಿಂಗ ಕಟ್ಟಿಕೊಂಡವರಿಗೆ ಮೈಲಿಗೆ ಅನ್ನುವುದೇ ಇಲ್ಲ ಎಂದು ದಿನಾ ನಮಗೆ ಹೇಳುತ್ತಿದ್ದವಳು ಅವಳೇ. ಆ ಬೆಳಿಗ್ಗೆ ಅದು ಅವಳಿಗೆ ನೆನಪಾಗಲಿಲ್ಲ, ಅಥವಾ ನೆನಪಾಗಿಯೂ ಮನೆಯ ಮರ್ಯಾದೆ ಅದಕ್ಕಿಂತ ದೊಡ್ಡದಾಯಿತು. ಅಪ್ಪ ಸುಮ್ಮನಿದ್ದ. ಸುಮ್ಮನಿದ್ದರೂ ಹೋಗಲಿ, ಊರಿನವರ ಜೊತೆ ಮತ್ತೊಮ್ಮೆ ಕಾನ್ವೆಂಟಿಗೆ ಹೋಗಿ, ಆ ಸಿಸ್ಟರ್ ಇನ್ನು ಸಣ್ಣ ಮಕ್ಕಳನ್ನು ಮುಟ್ಟಬಾರದು ಎಂಬ ಮಾತಿಗೆ ತಾನೂ ಹೂಂಗುಟ್ಟಿ ಬಂದ. ಹೊಸ ಶಾಲೆ, ಊರನ್ನು ಎದುರು ಹಾಕಿಕೊಂಡು ನಡೆಸುವ ಹಾಗಿರಲಿಲ್ಲ. ಕಾನ್ವೆಂಟಿನವರು ಒಪ್ಪಿದರು.

ಎಲ್ಲಕ್ಕಿಂತ ನಾಚಿಕೆಯ ಸಂಗತಿ ಎಂದರೆ ನನ್ನನ್ನು ಆ ಶಾಲೆ ಬಿಡಿಸಲಿಲ್ಲ. ಇಂಗ್ಲಿಷ್ ಬೇಕಾಗಿತ್ತು. ಬೇಬಿ ಕ್ಲಾಸಿಗೆ ಬೇರೆ ಸಿಸ್ಟರ್ ಬಂದರು. ಕಾಳಿನ ಮೊರ ನಿಂತಿತು, ಎ ಬಿ ಸಿ ಶುರುವಾಯಿತು. ನಾನು ಅಳದೆ ಹೋಗುವುದನ್ನು ಕಲಿತೆ. ನಮ್ಮ ಸಿಸ್ಟರ್ ಅಂಗಳದ ಆಚೆ, ಹೊಲಿಗೆ ಕಲಿಸುವ ಕೋಣೆಯಲ್ಲಿ ಇರುತ್ತಿದ್ದರು. ಒಮ್ಮೊಮ್ಮೆ ನಾನು ಬಾಗಿಲ ಹತ್ತಿರ ಹೋದರೆ ಯಂತ್ರದ ಸದ್ದು ಜೋರಾಗುತ್ತಿತ್ತು, ತಲೆ ಎತ್ತುತ್ತಿರಲಿಲ್ಲ. ಆ ವರ್ಷದ ಕೊನೆಗೆ ಅವರನ್ನು ಸಿಂಧನೂರಿಗೆ ಕಳಿಸಿದರು.

ಅಜ್ಜಿ ಆಮೇಲೆ ಪ್ರತಿ ವರ್ಷ ಹೊಸ ಖಾರ ಕುಟ್ಟಿಸಿದಾಗ ಒಂದು ಡಬ್ಬಿ ಕಾನ್ವೆಂಟಿಗೆ ಕಳಿಸುತ್ತಿದ್ದಳು. ಯಾರಿಗೆ ಎಂದು ಕೇಳಿದರೆ, "ಅಲ್ಲಿರೋರಿಗೆಲ್ಲ" ಅನ್ನುತ್ತಿದ್ದಳು. ತಿನ್ನುವವರು ಅಲ್ಲಿ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಸಿಂಧನೂರು ಏನು ದೂರವೇ? ಮಸ್ಕಿ ದಾಟಿದರೆ ಬಂತು, ಬಸ್ಸುಗಳು ಓಡಾಡುತ್ತಲೇ ಇದ್ದವು. ಅಷ್ಟು ದೂರ ಹೋಗಿ ಒಂದು ಮಾತು ಹೇಳಲು ನಮ್ಮ ಮನೆಯಲ್ಲಿ ಯಾರಿಗೂ ಕಾಲು ಏಳಲಿಲ್ಲ.

ತೊಂಬತ್ತರ ದಶಕದ ಕೊನೆಗೆ ನಾನು ಹೋದೆ, ಅದೂ ಅವರಿಗಾಗಿ ಅಲ್ಲ. ಅಕ್ಕನನ್ನು ಸಿಂಧನೂರಿನ ಅಕ್ಕಿ ಗಿರಣಿಯವರಿಗೆ ಕೊಟ್ಟಿದ್ದೆವು. ಅವಳ ಮಗನನ್ನು ಅಲ್ಲಿಯ ಕಾನ್ವೆಂಟಿಗೆ ಬಿಡುವ ಮೊದಲ ದಿನ ನಾನು ಅಲ್ಲಿದ್ದೆ. ಅಂಗಳದ ತುಂಬ ಸ್ಕೂಟರು, ಟ್ರ್ಯಾಕ್ಟರು, ಆಂಧ್ರದ ವಲಸಿಗರ ಕ್ಯಾಂಪುಗಳಿಂದ ಬಂದವರ ತೆಲುಗು, ನಮ್ಮವರ ಕನ್ನಡ, ಎಲ್ಲದರ ಮೇಲೆ ಮಕ್ಕಳ ಅಳು. ಅಳಿಯ ನನ್ನ ಕುತ್ತಿಗೆ ಬಿಡುತ್ತಿರಲಿಲ್ಲ. ಪಡಸಾಲೆಯ ತುದಿಯ ಕೋಣೆಯಿಂದ ಯಾರಿಗೋ, "ಎಂತ ಮಗಾ, ಗುಂಡಿ ಮತ್ತೆ ಕಿತ್ತುಕೊಂಡೆಯಾ" ಎಂದು ಹೇಳಿದ್ದು ಕೇಳಿತು. ಮುಖ ನೋಡುವ ಮೊದಲೇ ಗುರುತಾಯಿತು.

ತಲೆ ಬೆಳ್ಳಗಾಗಿತ್ತು, ದಪ್ಪ ಕನ್ನಡಕ. ಸೂಜಿಗೆ ದಾರ ಪೋಣಿಸುತ್ತಿದ್ದರು. ಮೇಜಿನ ಮೇಲಿನ ಬಣ್ಣದ ದಾರದುಂಡೆಗಳನ್ನು ಕಂಡು ಅಳಿಯ ಅಳು ನಿಲ್ಲಿಸಿ ಅವರ ಕಡೆ ಕೈ ಚಾಚಿದ.

"ಸ್ವಲ್ಪ ಎತ್ತಿಕೊಳ್ರಿ ಸಿಸ್ಟರ್, ನಿಮ್ಮ ಹತ್ರ ಬರ್ತಾನ" ಅಂದೆ.

ಅವರು ಎರಡೂ ಕೈಯನ್ನು ಮೇಜಿನ ಕೆಳಗೆ ತೆಗೆದುಕೊಂಡರು. "ನಾನು ಮಕ್ಕಳನ್ನು ಮುಟ್ಟುವುದಿಲ್ಲ. ಆಚೆ ಟೀಚರ್ ಇದ್ದಾರೆ."

ಇಷ್ಟು ವರ್ಷವಾದರೂ ಮಕ್ಕಳನ್ನು ಮುಟ್ಟಬಾರದೆಂಬ ಆ ಕಟ್ಟಳೆಯನ್ನು ಯಾರೂ ತೆಗೆದಿರಲಿಲ್ಲ. ನಾನು ಯಾರೆಂದು ಹೇಳಿದೆ. ಅವರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. "ಎಷ್ಟು ಉದ್ದ ಬೆಳೆದಿದ್ದೀ" ಅಂದರು. ನಕ್ಕರು. ಅಜ್ಜಿಯನ್ನು ಕೇಳಿದರು, ತೀರಿಕೊಂಡಳೆಂದೆ. ಆ ನಗು ಕಂಡು ನನಗೆ ಧೈರ್ಯ ಬಂತು. ಅವರನ್ನು ಹಗುರ ಮಾಡುತ್ತಿದ್ದೇನೆ ಎಂದುಕೊಂಡೇ ಹೇಳಿದೆ: "ಸಿಸ್ಟರ್, ಮರುದಿನಾನ ನಾ ಮನ್ಯಾಗ ಎಲ್ಲಾ ಹೇಳಿದ್ನಿರಿ. ನಿಮ್ಮದೇನೂ ತಪ್ಪಿಲ್ಲ ಅಂತ ನಮ್ಮ ಮನ್ಯಾಗ ಎಲ್ಲಾರಿಗೂ ಗೊತ್ತಿತ್ತು."

ನಗು ಮುಖದಿಂದ ಇಳಿದುಹೋಯಿತು.

"ಮರುದಿನವಾ?"

"ಹೂಂ ರೀ."

"ಅಜ್ಜಿಗೂ?"

"ಹೂಂ ರೀ."

ಅವರು ನನಗೆ ಹೇಳಿದಂತೆ ಅಲ್ಲ, ತಮಗೇ ಹೇಳಿಕೊಂಡಂತೆ ಅಂದರು. "ಅವರಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ ನಾನು. ಗೊತ್ತಿದ್ದರೆ ಬರುತ್ತಿದ್ದರು, ಗೊತ್ತಿಲ್ಲದ್ದಕ್ಕೆ ಬರಲಿಲ್ಲ, ಅಂತ. ಇಷ್ಟು ವರ್ಷ ದಿನಾ ಹಾಗೇ ಹೇಳಿಕೊಂಡು ಇದ್ದೆ."

ನನ್ನ ಹೊರೆ ಇಳಿಸಲು ಹೋಗಿ ಅವರಿಗಿದ್ದ ಒಂದೇ ಆಸರೆಯನ್ನು ಎಳೆದುಬಿಟ್ಟಿದ್ದೆ. ಅವರು ಸೂಜಿ ಎತ್ತಿಕೊಂಡರು, ದಾರ ಒಳಗೆ ಹೋಗಲಿಲ್ಲ. "ಕೊಡ್ರಿ, ನಾ ಪೋಣಿಸ್ತೀನಿ" ಎಂದೆ. ಕೊಡಲಿಲ್ಲ. "ಇರಲಿ. ಮಗುವನ್ನು ಕ್ಲಾಸಿಗೆ ಬಿಡು" ಅಂದರು. ಮತ್ತೆ ನಾನು ಅವರ ಎದುರು ಹೋಗಲಿಲ್ಲ.

ಅಪ್ಪ ಆ ಅಂಗಳದಲ್ಲಿ, ಅಷ್ಟು ಜನರ ಮುಂದೆ, ಯಾಕೆ ತೆಗೆದಿರಿ ಎಂದು ಕೇಳಿದ್ದ. ಉತ್ತರ ಗೊತ್ತಾದ ಮೇಲೆ ಮನೆಯೊಳಗೆ ಇಟ್ಟುಕೊಂಡೆವು. ಅಂದು ಅಲ್ಲಿ ಗುಂಪಿನಲ್ಲಿ ನಿಂತಿದ್ದವರಲ್ಲಿ ಕೆಲವರು ಇನ್ನೂ ಇದ್ದಾರೆ, ನನ್ನ ಅಂಗಡಿಗೇ ಬಂದು ಬೇಳೆ ಕೊಳ್ಳುತ್ತಾರೆ. ಅವರು ಕೇಳಿಸಿಕೊಳ್ಳಲಿ. ನಾ ಚಡ್ಡಿಯಾಗ ಹೇತಿದ್ದೆ ರೀ. ಅದಕ್ಕ ತಗದ್ರು.